ಗುಳುಂ ಲೆಕ್ಕ ಸರಿಬಂದ ದಿನ

ಹೆಡ್ ಕ್ಲರ್ಕು ಆವತ್ತು ಮುದ್ರೆಯನ್ನು ತೊಳೆಯಬಾರದಿತ್ತು. ಹದಿನಾರು ವರ್ಷ ನೀರು ಕಾಣದ ಹಿತ್ತಾಳೆ ಮುದ್ರೆ ಅದು. ಒತ್ತಿದರೆ ಕಾಗದದ ಮೇಲೆ ಸಂಸ್ಥೆಯ ಹೆಸರಿನ ಬದಲು ದುಂಡನೆಯ ಒಂದು ನೀಲಿ ಕಲೆ ಮೂಡುತ್ತಿತ್ತು. ಆ ಕಲೆಯನ್ನೇ ಸಂಸ್ಥೆಯ ಲಾಂಛನವೆಂದು ಒಪ್ಪಿಕೊಂಡು ಎಲ್ಲ ಕಚೇರಿಗಳೂ ಸುಖವಾಗಿದ್ದವು. ಆವತ್ತು ಅದೇನು ಬುದ್ಧಿ ಬಂತೋ, ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸೀಮೆಎಣ್ಣೆ ಮುಟ್ಟಿಸಿ ಮುದ್ರೆಯನ್ನು ತಿಕ್ಕಿ ತೊಳೆದು, ಎರಡನೆಯ ಮಹಡಿಯ ತಮ್ಮ ಕೋಣೆಯ ಕಿಟಕಿ ಕಟ್ಟೆಯ ಮೇಲೆ ಒಣಗಲು ಇಟ್ಟರು. ಸ್ವಲ್ಪ ಹೊತ್ತಿಗೆ ಒಂದು ಪಾರಿವಾಳ ಬಂದು ಅದರ ಪಕ್ಕದಲ್ಲೇ ಕೂತು, ತನ್ನ ಕಡೆಯಿಂದಲೂ ಒಂದು ಮುದ್ರೆ ಒತ್ತಿತು. ಹೆಡ್ ಕ್ಲರ್ಕಿಗೆ ರೇಗಿತು. ಕೈಯಲ್ಲಿದ್ದ ರೂಲುದೊಣ್ಣೆಯನ್ನು "ಹುಶ್!" ಅಂತ ಬೀಸಿದರು.

ಪಾರಿವಾಳ ಹಾರಿತು. ಮುದ್ರೆಯೂ ಹಾರಿತು.

ಕೆಳಗೆ ಕೊಳ. ಗುಳುಂ ಅಂತ ಸದ್ದಾಯಿತು. ಹೆಡ್ ಕ್ಲರ್ಕು ಬಗ್ಗಿ ನೋಡುವ ಹೊತ್ತಿಗೆ ಹಸಿರು ನೀರು ಏನೂ ಗೊತ್ತಿಲ್ಲದ ಮಳ್ಳಿಯ ಹಾಗೆ ಮುಖ ಮಾಡಿಕೊಂಡಿತ್ತು. ಆಚೀಚೆ ನೋಡಿದರು, ಯಾರೂ ಇಲ್ಲ. ರೂಲುದೊಣ್ಣೆಯನ್ನು ಮೇಜಿನ ಖಾನೆಯೊಳಗಿಟ್ಟು, ಖಾನೆಗೆ ಬೀಗ ಹಾಕಿ, ಕ್ಯಾಂಟೀನಿಗೆ ಹೋಗಿ ನಿಧಾನವಾಗಿ ಒಂದು ಟೀ ಕುಡಿದು, ವಾಪಸು ಬಂದು, "ಅಯ್ಯಯ್ಯೋ, ಮುದ್ರೆ!" ಎಂದು ಕೂಗಿಕೊಂಡರು.

ಈ ಕೂಗಿಗೆ ಮೊದಲು ಓಡಿಬಂದವನೇ ಗುಳುಂ.

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಗಟ್ಟಿ ವಸ್ತು ನೀರಿಗೆ ಬಿದ್ದರೆ ಏನೇನಾಗುತ್ತದೆ ಎಂದು ಕಂಡುಹಿಡಿಯುವುದು ಅವನ ಕೆಲಸ. ಅದೂ ವಸ್ತುವಿಲ್ಲದೆ, ನೀರಿಲ್ಲದೆ, ಬರೀ ಕಂಪ್ಯೂಟರಿನಲ್ಲಿ. ನೀರನ್ನು ಲಕ್ಷಗಟ್ಟಲೆ ಪುಟ್ಟ ಪುಟ್ಟ ಡಬ್ಬಿಗಳಾಗಿ ಕತ್ತರಿಸಿ, ಒಂದೊಂದು ಡಬ್ಬಿಯೂ ಪಕ್ಕದ ಡಬ್ಬಿಯನ್ನು ಎಷ್ಟು ನೂಕುತ್ತದೆ ಎಂದು ಲೆಕ್ಕ ಹಾಕಿಸುತ್ತಿದ್ದ. ಹಡಗಿನಿಂದ ನೀರಿಗಿಳಿಯುವ ಜೀವರಕ್ಷಕ ದೋಣಿ ತಲೆಕೆಳಗಾಗದ ಹಾಗೆ ಮಾಡುವುದಕ್ಕೆ ಈ ವಿದ್ಯೆ ಬೇಕು, ನಿಜ. ಆದರೆ ಆ ಸಂಸ್ಥೆಗೆ ಹನ್ನೊಂದು ವರ್ಷದಲ್ಲಿ ಯಾವ ಹಡಗಿನವನೂ ಬಂದಿರಲಿಲ್ಲ. ಹಬ್ಬಕ್ಕೋ ಹರಿದಿನಕ್ಕೋ ಸಿಕ್ಕಿದರೆ ಅವನ ಮಾವ, "ಕಲ್ಲು ಹಾಕಿದ್ರೆ ಮುಳುಗುತ್ತೆ ಅಂತ ತಿಳಿಯೋಕೆ ಹನ್ನೊಂದು ವರ್ಷ ಬೇಕೇನಪ್ಪಾ ಅಳಿಯ?" ಅನ್ನುತ್ತಿದ್ದರು. ಆ ಹನ್ನೊಂದು ವರ್ಷವೂ ಅವನು ಹಂಗಾಮಿ. ಹೊಳೆಯಲ್ಲಿ ಹುಣಸೇಹಣ್ಣು ತೊಳೆದವನಿಗಾದರೂ ಕೈ ಹುಳಿಯಾಗುತ್ತದೆ, ಗುಳುಂಗೆ ಅದೂ ಆಗಿರಲಿಲ್ಲ.

ಆದರೆ ಆವತ್ತು ಅವನ ನೌಕರಿ ಖಾಯಂ ಆಗುವ ದಿನ. ಆದೇಶಕ್ಕೆ ಡೈರೆಕ್ಟರ ಸಹಿ ಬಿದ್ದಿತ್ತು, ಮುದ್ರೆಯೊಂದು ಬಾಕಿ. ಐದು ಗಂಟೆಯೊಳಗೆ ಮುದ್ರೆ ಬಿದ್ದು ಟಪಾಲಿಗೆ ಹೋಗದಿದ್ದರೆ ಆದೇಶ ರದ್ದು, ಮತ್ತೆ ಮೂರು ವರ್ಷ ಕಾಯಬೇಕು. ಅದಕ್ಕೇ ಬೆಳಿಗ್ಗೆ ಒಂಬತ್ತೂವರೆಗೇ ಹೆಡ್ ಕ್ಲರ್ಕಿನ ಕೋಣೆಗೆ ಹೋಗಿ ಹಲ್ಲು ಕಿರಿದು ನಿಂತಿದ್ದ. "ಅವಸರ ಯಾಕ್ರೀ? ಮುದ್ರೆ ಒಣಗಲಿ, ಆಮೇಲೆ ಬನ್ನಿ," ಎಂದು ಅವರು ಅಟ್ಟಿದ್ದರು.

ಈಗ ಒಣಗಬೇಕಾದ ಮುದ್ರೆ ಹನ್ನೆರಡು ಅಡಿ ನೀರಿನ ತಳದಲ್ಲಿತ್ತು.

ಹತ್ತೂವರೆಯ ಹೊತ್ತಿಗೆ ಇಡೀ ಸಂಸ್ಥೆ ಕೊಳದ ದಂಡೆಯ ಮೇಲಿತ್ತು. ಇಷ್ಟೊಂದು ಜನ ಅಲ್ಲಿ ಕೆಲಸ ಮಾಡುತ್ತಾರೆ ಎಂಬುದು ಕಾವಲುಗಾರನಿಗೂ ಆವತ್ತೇ ತಿಳಿದದ್ದು. ಡೈರೆಕ್ಟರು ಬಂದರು. ಗುಂಪು ದಾರಿ ಬಿಟ್ಟಿತು.

"ಹೇಗ್ರೀ ಬಿತ್ತು?"

"ಗಾಳಿ ಸಾರ್, ಗಾಳಿ!" ಅಂದರು ಹೆಡ್ ಕ್ಲರ್ಕು. "ರೊಯ್ ಅಂತ ಬೀಸಿ ಎತ್ತಿಕೊಂಡು ಹೋಯ್ತು. ನಾನು ಟೀಗೆ ಹೋಗಿದ್ದೆ."

ಟೀಗೆ ಹೋದವರಿಗೆ ಕೋಣೆಯೊಳಗೆ ಗಾಳಿ ಬೀಸಿದ್ದು ಹೇಗೆ ತಿಳಿಯಿತು ಎಂದು ಯಾರೂ ಕೇಳಲಿಲ್ಲ. ಅದು ಸಂಶೋಧನಾ ಸಂಸ್ಥೆ. ಅಲ್ಲಿ ಪ್ರಶ್ನೆ ಕೇಳುವ ಅಭ್ಯಾಸ ತಪ್ಪಿಹೋಗಿ ಬಹಳ ಕಾಲವಾಗಿತ್ತು.

ತೋಟದ ಕೆಲಸದ ಮುದುಕಿ ಕೈಯ ಮಣ್ಣು ಒರೆಸಿಕೊಳ್ಳುತ್ತ ಮುಂದೆ ಬಂದಳು. "ನಾನು ಆ ಕಡೆ ಗಿಡಕ್ಕೆ ನೀರು ಬಿಡ್ತಿದ್ದೆ ಸಾರ್. ಒಂಬತ್ತೂಮುಕ್ಕಾಲರ ಹೊತ್ತಿಗೆ ಗುಳುಂ ಅಂತು. ತಿರುಗಿ ನೋಡೋದ್ರೊಳಗೆ ಏನೂ ಇಲ್ಲ. ನನ್ನ ಹತ್ರ ಬಾವಿಗೆ ಬಿದ್ದ ಕೊಡ ಎತ್ತೋ ಪಾತಾಳಗರಡಿ ಇದೆ. ಹಗ್ಗ ಕಟ್ಟಿ ಇಳಿಬಿಟ್ರೆ ಆಯ್ತು. ಮುದ್ರೆ ಹಿಡಿಗೆ ಬಳೆ ಇದೆಯಲ್ಲ, ಕೊಕ್ಕೆಗೆ ಸಿಕ್ಕಿಕೊಳ್ಳುತ್ತೆ. ಸಿಕ್ಕೋ ತನಕ ಮೂಲೆಯಿಂದ ಮೂಲೆಗೆ ಎಳೆದಾಡಿದ್ರೆ ಮಧ್ಯಾಹ್ನದೊಳಗೆ ಮೇಲೆ ಬರುತ್ತೆ."

"ಎಳೆದಾಡೋದು?" ಡೈರೆಕ್ಟರು ಹೌಹಾರಿದರು. ಕೊಳದ ತುಂಬ ಅವರು ದೂರದೂರದಿಂದ ತರಿಸಿ ನೆಡಿಸಿದ ತಾವರೆ. ಸಂಸ್ಥೆಯಲ್ಲಿ ವರ್ಷಕ್ಕೊಮ್ಮೆಯಾದರೂ ಅರಳುವುದು ಅದೊಂದೇ. "ನನ್ನ ತಾವರೆ ಬೇರೆಲ್ಲ ಕಿತ್ತು ಬರಲಿ ಅಂತಲೋ? ಇದೇನು ಬಾವಿಕಟ್ಟೆ ಅಂದುಕೊಂಡ್ಯಾ? ಸಂಶೋಧನಾ ಸಂಸ್ಥೆ! ವೈಜ್ಞಾನಿಕವಾಗಿ ಯೋಚನೆ ಮಾಡಬೇಕು. ಎಲ್ಲಿದೆ ಅಂತ ಮೊದಲು ಗೊತ್ತಾಗಲಿ. ಅಲ್ಲಿಗೆ ಮಾತ್ರ, ನೆಟ್ಟಗೆ, ಒಂದೇ ಸಲ ಇಳಿಬಿಡು."

"ಎಲ್ಲಿದೆ ಅಂತ ಗೊತ್ತಿದ್ರೆ ಹುಡುಕೋದೇ ಬೇಡವಲ್ಲ ಸಾರ್?" ಅಂದಳು ಮುದುಕಿ. ಅವಳ ಮಾತಿಗೆ ಯಾರು ಕಿವಿಗೊಡುತ್ತಾರೆ? ಅವಳಿಗೆ ಪದವಿ ಇರಲಿಲ್ಲ.

ಆಗ ಗುಳುಂ ಬಾಯಿ ತೆರೆದ. ಅವನ ಬದುಕಿನಲ್ಲಿ ಅವನು ಬಾಯಿ ತೆರೆದಾಗಲೆಲ್ಲ ಒಳ್ಳೆಯದಾದದ್ದು ದಂತವೈದ್ಯನಿಗೆ ಮಾತ್ರ.

"ಸಾರ್, ನಾನು ಹೇಳ್ತೀನಿ ಎಲ್ಲಿದೆ ಅಂತ. ಇದು ನನ್ನ ವಿಷಯಾನೇ. ತೂಕ, ಆಕಾರ, ಎತ್ತರ, ಆಳ, ಇಷ್ಟು ಕೊಡಿ. ಕಂಪ್ಯೂಟರಿನಲ್ಲಿ ಅದೇ ಮುದ್ರೆ, ಅದೇ ಕೊಳ, ಅದೇ ಬೀಳೋದು. ಒಂದಡಿ ಆಚೆ ಈಚೆ ಆದರೆ ಕೇಳಿ!"

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ನಕ್ಕವನು ಬಿರುಗಾಳಿ. ಗಾಳಿ ವಿಭಾಗದ ವಿಜ್ಞಾನಿ, ಗುಳುಂನ ಎದುರು ಕೋಣೆಯವನು. ಎತ್ತರದ ಕಟ್ಟಡಗಳ ಮೇಲೆ ಗಾಳಿ ಹೇಗೆ ಬಡಿಯುತ್ತದೆ ಎಂದು ಲೆಕ್ಕ ಹಾಕುವುದು ಅವನ ಕಸುಬು. ಅವನು ಭದ್ರವೆಂದು ಬರೆದುಕೊಟ್ಟಿದ್ದ ಸಂಸ್ಥೆಯ ಸೈಕಲ್ ನಿಲ್ದಾಣದ ತಗಡು ಹಿಂದಿನ ವರ್ಷ ಹಾರಿಹೋಗಿ ಪಕ್ಕದ ಶಾಲೆಯ ಅಂಗಳದಲ್ಲಿ ಬಿದ್ದಿತ್ತು. ಹಾಗಾಗಿ ಇತರರ ಲೆಕ್ಕದಲ್ಲಿ ಅವನಿಗೆ ವಿಪರೀತ ಆಸಕ್ತಿ.

"ಮಾಡಿ," ಅಂದರು ಡೈರೆಕ್ಟರು. "ನಾಲ್ಕು ಗಂಟೆಗೆ ಜಾಗ ಹೇಳಿ. ನಿಮ್ಮ ಆದೇಶಾನೂ ಅದರ ಮೇಲೇ ನಿಂತಿದೆ ಅನ್ನೋದು ನೆನಪಿರಲಿ."

ಗುಳುಂ ಕೂಡಲೇ ಹೆಡ್ ಕ್ಲರ್ಕಿನ ಬೆನ್ನು ಹತ್ತಿದ. "ಸಾರ್, ಮುದ್ರೆ ತೂಕ ಎಷ್ಟು?"

"ಹದಿನಾರು ವರ್ಷ ಜೊತೆಗಿದ್ದ ಮಾತ್ರಕ್ಕೆ ತೂಕ ಗೊತ್ತಿರಬೇಕೇನ್ರೀ? ನಿಮ್ಮ ಹೆಂಡತಿ ತೂಕ ಹೇಳಿ ನೋಡೋಣ!"

ಕೊನೆಗೆ ದಾರಿ ಸಿಕ್ಕಿದ್ದು ಡೈರೆಕ್ಟರ ಬೀರುವಿನಲ್ಲಿ. ಗೋಪ್ಯ ಪತ್ರಗಳಿಗೆಂದೇ ಅವರ ಬಳಿ ಇನ್ನೊಂದು ಮುದ್ರೆ ಇತ್ತು. ಒಂದೇ ಅಚ್ಚಿನದು, ಒಂದೇ ತೂಕ. ಮೇಲಿನ ಅಕ್ಷರ ಮಾತ್ರ ಬೇರೆ. ಅದನ್ನು ಕ್ಯಾಂಟೀನಿನ ತಕ್ಕಡಿಯಲ್ಲಿಟ್ಟು ತೂಗಿದರು. ಎಂಟುನೂರ ನಲವತ್ತು ಗ್ರಾಂ. ಕೆಳಗೆ ಹಿತ್ತಾಳೆಯ ಬಿಲ್ಲೆ, ಮೇಲೆ ಮರದ ಹಿಡಿ, ಹಿಡಿಯ ತುದಿಗೆ ಬಳೆ. ನೋಡಿದರೆ ತಲೆಕೆಳಗಾದ ಅಣಬೆ. ಕಿಟಕಿ ಕಟ್ಟೆಯಿಂದ ನೀರಿಗೆ ಆರು ಮೀಟರ್.

"ಕೊಳದ ಆಳ?"

ಹೆಡ್ ಕ್ಲರ್ಕು ಕಟ್ಟಡದ ಹಳೆಯ ಕಡತ ತೆರೆದು ನೋಡಿ, "ಹನ್ನೆರಡು," ಅಂದರು.

ಗುಳುಂ ಹನ್ನೆರಡು ಎಂದು ಬರೆದುಕೊಂಡ. ಹನ್ನೆರಡು ಏನು ಎಂದು ಅವನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಇಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಅಷ್ಟರಲ್ಲಿ ಬಿರುಗಾಳಿ ತಲೆ ಹಾಕಿದ. "ಪ್ರಯೋಗ ಮಾಡದೆ ಬರೀ ಲೆಕ್ಕ ನಂಬೋದು ಹೇಗೆ ಸಾರ್? ಗೋಪ್ಯ ಮುದ್ರೆ ಹೇಗೂ ಇದೆ. ದಾರ ಕಟ್ಟಿ ಅದೇ ಕಿಟಕಿಯಿಂದ ಬಿಡೋಣ. ಎಷ್ಟು ಹೊತ್ತಿಗೆ ನೀರು ಮುಟ್ಟುತ್ತೆ, ಹೇಗೆ ಮುಳುಗುತ್ತೆ ಅಂತ ಕಣ್ಣಾರೆ ನೋಡಬಹುದು. ಆಮೇಲೆ ಎಳೆದುಕೊಂಡರಾಯ್ತು."

"ಬೇಡ ಸಾರ್," ಅಂದ ಗುಳುಂ.

"ಯಾಕೆ, ಲೆಕ್ಕದ ಮೇಲೆ ನಂಬಿಕೆ ಇಲ್ವಾ?" ಅಂದ ಬಿರುಗಾಳಿ.

ಡೈರೆಕ್ಟರಿಗೆ ಪ್ರಯೋಗ ಎಂಬ ಮಾತು ಬಹಳ ಹಿಡಿಸಿತು. ಅವರು ಕೊನೆಯ ಪ್ರಯೋಗ ಮಾಡಿದ್ದು ಕಾಲೇಜಿನಲ್ಲಿ. ತಾವೇ ದಾರದ ತುದಿ ಹಿಡಿದು ಕಿಟಕಿಯಲ್ಲಿ ನಿಂತರು. ಬಿರುಗಾಳಿ ಮುದ್ರೆಯ ಬಳೆಗೆ ದಾರ ಬಿಗಿದ. ಗುಳುಂ ಕೈಗಡಿಯಾರ ನೋಡುತ್ತ "ಒಂದು, ಎರಡು, ಮೂರು" ಅಂದ. ಡೈರೆಕ್ಟರು ಕಟ್ಟೆಯ ತುದಿಯಿಂದ ಮೆಲ್ಲಗೆ ಕೈಬಿಟ್ಟರು. ಮುದ್ರೆ ಗೋಡೆಗುಂಟ ನೆಟ್ಟಗೆ ಇಳಿದು ನೀರು ಮುಟ್ಟಿತು. ದಾರ ಒಮ್ಮೆ ಬಿಗಿಯಾಯಿತು. ಆಮೇಲೆ ಸಡಿಲವಾಯಿತು.

ಡೈರೆಕ್ಟರು ದಾರ ಎಳೆದರು. ದಾರ ಮಾತ್ರ ಬಂತು.

ಕೆಳಗೆ ನಿಂತವರೆಲ್ಲ ಕತ್ತೆತ್ತಿ ನೋಡಿದರು. ಎರಡನೆಯ ಮಹಡಿಯ ಕಿಟಕಿಯಲ್ಲಿ ಡೈರೆಕ್ಟರು, ಮೀನು ಗಾಳವನ್ನೇ ಕಚ್ಚಿಕೊಂಡು ಹೋದ ಬೆಸ್ತನ ಹಾಗೆ, ಒದ್ದೆ ದಾರ ಹಿಡಿದು ನಿಂತಿದ್ದರು.

"ಏನ್ರೀ ಇದು?" ಎಂದು ಗುಳುಂ ಮೇಲೆ ಹರಿಹಾಯ್ದರು. "ಗೋಪ್ಯ ಮುದ್ರೆ ಕಣ್ರೀ! ಅದು ಇದೆ ಅನ್ನೋದೇ ಗೋಪ್ಯ! ಇನ್ನು ಮೇಲಿನವರಿಗೆ ಏನಂತ ಹೇಳಲಿ? ತಳದಲ್ಲಿ ಗೋಪ್ಯವಾಗಿದೆ ಅಂತಲೇ?"

ಗಂಟು ಹಾಕಿದವನು ಬಿರುಗಾಳಿ, ಕೈಬಿಟ್ಟವರು ಡೈರೆಕ್ಟರು, ಬೈಸಿಕೊಂಡವನು ಗುಳುಂ. ಹಂಗಾಮಿ ನೌಕರ ಎಂದರೆ ಅದೇ.

ಕೆಳಗಿನಿಂದ ಮುದುಕಿ ಕೂಗಿದಳು. "ಸಾರ್, ಇದು ಬಿದ್ದ ಜಾಗ ನೋಡ್ಕೊಂಡಿದೀನಿ. ಗೋಡೆ ಬುಡದಲ್ಲೇ! ಹಾಗಾದ್ರೆ ಮೊದಲಿನದೂ ಅಲ್ಲೇ ಇರಬೇಕು. ಎರಡನ್ನೂ ತೆಗೀಲಾ?"

"ಸುಮ್ನಿರು! ಕಂಪ್ಯೂಟರ್ ಇನ್ನೂ ಹೇಳಿಲ್ಲ!" ಎಂದು ಡೈರೆಕ್ಟರು ಮೇಲಿನಿಂದಲೇ ಗದರಿದರು.

ಗುಳುಂ ತನ್ನ ಕೋಣೆ ಸೇರಿ ಬಾಗಿಲು ಹಾಕಿಕೊಂಡ. ಹಾಕಿಕೊಂಡರೇನು? ಅದಕ್ಕೆ ಚಿಲಕ ಇರಲಿಲ್ಲ. ಮುದ್ರೆಯ ಚಿತ್ರ ಬರೆದು, ಅದರ ಸುತ್ತ ನೀರನ್ನು ಮೂವತ್ತು ಲಕ್ಷ ಡಬ್ಬಿಗಳಾಗಿ ಕತ್ತರಿಸಿ, ಲೆಕ್ಕ ಶುರು ಮಾಡಿದ. ಪರದೆಯ ಮೇಲೆ ಮುದ್ರೆ ಗೇಣುದ್ದ ಕೆಳಗಿಳಿಯುವುದಕ್ಕೆ ಕಂಪ್ಯೂಟರು ಮೂರು ನಿಮಿಷ ಏದುಸಿರು ಬಿಡುತ್ತಿತ್ತು. ನಿಜವಾಗಿ ಬೀಳುವುದಕ್ಕೆ ನಾಲ್ಕೈದು ಸೆಕೆಂಡು. ಬಿದ್ದ ಹಾಗೆ ಮಾಡುವುದಕ್ಕೆ ನಾಲ್ಕು ಗಂಟೆ. ಇದನ್ನು ಪ್ರಗತಿ ಎಂದು ಸಂಸ್ಥೆಯ ವಾರ್ಷಿಕ ವರದಿ ಕರೆಯುತ್ತಿತ್ತು.

ಆ ನಾಲ್ಕು ಗಂಟೆಯಲ್ಲಿ ಅವನ ಕೋಣೆಗೆ ಬರದವರೇ ಪಾಪಿಗಳು. ಒಬ್ಬರು ಬಂದು, "ನೀರಿನ ಬಣ್ಣ ಹಸಿರು ಅಂತ ಹಾಕಿದೀರಾ?" ಅಂದರು. ಇನ್ನೊಬ್ಬರು ತಾವರೆ ಎಲೆ ಸೇರಿಸಿ ಎಂದರು. ಗ್ರಂಥಾಲಯದವರು ಕಪ್ಪೆ ಎಷ್ಟಿವೆ ಎಂದು ಎಣಿಸಿಕೊಂಡೇ ಬಂದಿದ್ದರು. ಬಿರುಗಾಳಿ ಮಾತ್ರ ಗಳಿಗೆಗೊಮ್ಮೆ ಬಾಗಿಲಲ್ಲಿ ಮುಖ ಹಾಕಿ, "ಇನ್ನೂ ಗಾಳಿಯಲ್ಲೇ ಇದೆಯಾ? ನೀರಿಗೆ ಬಿತ್ತಾ?" ಎಂದು ಕೇಳಿ ಹೋಗುತ್ತಿದ್ದ.

ಎರಡು ಗಂಟೆಗೆ ಹೆಂಡತಿಯ ಫೋನ್ ಬಂತು. "ಏನ್ರೀ, ಕಾಗದ ಕೈಗೆ ಬಂತಾ? ಅಪ್ಪ ಬಂದಿದ್ದಾರೆ, ನೋಡಿಕೊಂಡೇ ಹೋಗ್ತೀನಿ ಅಂತ ಕೂತಿದ್ದಾರೆ."

"ಸ್ವಲ್ಪ ತಡ ಆಗುತ್ತೆ. ಮುದ್ರೆ ನೀರಿಗೆ ಬಿದ್ದಿದೆ."

"ನಿಜವಾದ ನೀರಿಗಾ, ನಿಮ್ಮ ನೀರಿಗಾ?"

"ನಿಜವಾದ ನೀರಿಗೆ ಕಣೇ."

"ಹಾಗಾದ್ರೆ ಯಾರನ್ನಾದ್ರೂ ಇಳಿಸಿ ತೆಗೆಸೋದಲ್ವಾ? ಅದನ್ನು ಬಿಟ್ಟು ನೀವೇನು ಮಾಡ್ತಿದೀರಿ?"

"ಆಮೇಲೆ ಮಾಡ್ತೀನಿ," ಎಂದು ಫೋನ್ ಇಟ್ಟ.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಪರದೆಯ ಮೇಲಿನ ಮುದ್ರೆ ತಳ ಮುಟ್ಟಿತು. ಗಾಳಿಯಲ್ಲಿ ನೆಟ್ಟಗೆ ಬಿದ್ದು, ನೀರಿನಲ್ಲಿ ಒಣಗಿದ ಎಲೆಯ ಹಾಗೆ ಓಲಾಡಿ ಓಲಾಡಿ, ಗೋಡೆಯಿಂದ ದೂರ ದೂರ ಜಾರಿ, ಕೊನೆಗೆ ಎರಡೂವರೆ ಮೀಟರಿನಾಚೆ ಕೂತಿತು. ಗುಳುಂ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಓಡಿದ.

"ಎರಡೂವರೆ ಮೀಟರ್?" ಬಿರುಗಾಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಲ್ಲರ ಎದುರಿಗೆ ಇನ್ನೊಂದು ಗೋಡೆ ಬುಡಕ್ಕೆ ಬಿತ್ತಲ್ಲ ಮಾರಾಯ?"

"ಅದಕ್ಕೆ ದಾರ ಕಟ್ಟಿತ್ತು. ಇದಕ್ಕೆ ಕಟ್ಟಿರಲಿಲ್ಲ," ಅಂದ ಗುಳುಂ. ಮುಖ ಗಟ್ಟಿ ಮಾಡಿಕೊಂಡು, "ಲೆಕ್ಕ ಲೆಕ್ಕಾನೇ. ಅಲ್ಲೇ ಇಳಿಬಿಡು ಅಜ್ಜೀ," ಅಂದ.

ಮುದುಕಿ ಅಳತೆಯ ಕೋಲು ಹಿಡಿದು ಜಾಗ ಗುರುತು ಮಾಡಿಕೊಂಡಳು. ದಂಡೆಯಿಂದ ಅಡ್ಡ ಹಲಗೆ ಹಾಕಿಸಿ, ಅದರ ಮೇಲೆ ಕುಕ್ಕರಗಾಲಲ್ಲಿ ಕೂತು, ಪಾತಾಳಗರಡಿ ಇಳಿಬಿಟ್ಟಳು. "ಅಲ್ಲಿಲ್ಲ ಅಂತ ನನಗೆ ಗೊತ್ತು, ನಿಮಗೂ ಗೊತ್ತಾಗಲಿ," ಎಂದು ಗೊಣಗುತ್ತ ಹಗ್ಗವನ್ನು ಒಮ್ಮೆ ಆಚೆಗೆ, ಒಮ್ಮೆ ಈಚೆಗೆ ಆಡಿಸಿದಳು. ಗೊಣಗಾಟ ನಿಂತಿತು. ಮೆಲ್ಲಗೆ ಮೇಲೆಳೆದಳು.

ಕೊಕ್ಕೆಯ ತುದಿಯಲ್ಲಿ, ಪಾಚಿ ಮುಡಿದುಕೊಂಡು, ಸಂಸ್ಥೆಯ ಮುದ್ರೆ ನೇತಾಡುತ್ತಿತ್ತು.

ಒಂದು ನಿಮಿಷ ಚಪ್ಪಾಳೆಯೋ ಚಪ್ಪಾಳೆ. ಕಪ್ಪೆಗಳು ಹೆದರಿ ಮುಳುಗಿದವು. ಡೈರೆಕ್ಟರು ಗುಳುಂ ಬೆನ್ನು ತಟ್ಟಿದರು. ಹನ್ನೊಂದು ವರ್ಷದಲ್ಲಿ ಆ ಬೆನ್ನನ್ನು ಯಾರೂ ತಟ್ಟಿರಲಿಲ್ಲವಾಗಿ ಅವನು ಹೊಡೆದರೆಂದು ಬಗ್ಗಿದ. ಮುದುಕಿ ಅದೇ ಉತ್ಸಾಹದಲ್ಲಿ ಗೋಡೆಯ ಬುಡಕ್ಕೂ ಒಮ್ಮೆ ಪಾತಾಳಗರಡಿ ಇಳಿಬಿಟ್ಟು ಗೋಪ್ಯ ಮುದ್ರೆಯನ್ನೂ ಎತ್ತಿದಳು. ಅಲ್ಲಿಗೆ ಎಲ್ಲ ಸುಖಾಂತವಾಗಬೇಕಿತ್ತು.

ಆದರೆ ಆ ಸಂಸ್ಥೆಯ ಚರಿತ್ರೆಯಲ್ಲೇ ಒಂದು ಲೆಕ್ಕ ನಿಜವಾದದ್ದು ಅದೇ ಮೊದಲು. ಎರಡನೆಯ ನಿಮಿಷಕ್ಕೆ ಜನರಿಗೆ ಅದು ಅರಗದ ಊಟದ ಹಾಗೆ ಹೊಟ್ಟೆಯಲ್ಲಿ ಗುಡುಗುಡು ಅನ್ನತೊಡಗಿತು.

"ಸಾರ್," ಅಂದ ಬಿರುಗಾಳಿ. "ಒಂದೇ ಅಚ್ಚು, ಒಂದೇ ಕಿಟಕಿ. ಒಂದು ಗೋಡೆ ಬುಡದಲ್ಲಿ, ಇನ್ನೊಂದು ಎರಡೂವರೆ ಮೀಟರ್ ದೂರದಲ್ಲಿ. ಇದು ಹೇಗೆ? ನನ್ನ ಲೆಕ್ಕ ಹತ್ತು ಅಡಿ ತಪ್ಪುತ್ತೆ, ಒಪ್ತೀನಿ. ಎಲ್ಲರದೂ ತಪ್ಪುತ್ತೆ. ಇವನದು ಮಾತ್ರ ಅಂಗುಲ ತಪ್ಪದೆ ಹೇಗೆ ಬಂತು?"

"ಕಷ್ಟಪಟ್ಟಿದೀನಿ," ಅಂದ ಗುಳುಂ.

"ಕಷ್ಟಪಟ್ಟರೆ ಸರಿ ಬರುತ್ತೇನ್ರೀ?" ಅಂದರು ಡೈರೆಕ್ಟರು. ಅವರ ದನಿಯಲ್ಲಿ ನಿಜವಾದ ಅನುಮಾನವಿತ್ತು. "ನಡೀರಿ, ನೋಡೇ ಬಿಡೋಣ."

ಎಲ್ಲರೂ ಗುಳುಂ ಕೋಣೆಗೆ ನುಗ್ಗಿದರು. ಬಿರುಗಾಳಿ ಕುರ್ಚಿ ಎಳೆದುಕೊಂಡು ಪರದೆಯ ಮೇಲಿನ ಅಂಕಿಗಳನ್ನು ಒಂದೊಂದಾಗಿ ಓದಿದ. ತೂಕ ಸರಿ, ಎತ್ತರ ಸರಿ. "ಇದೇನು? ಆಳ ಹನ್ನೆರಡು? ಹನ್ನೆರಡು ಮೀಟರ್?" ಹೆಡ್ ಕ್ಲರ್ಕಿನ ಕಡೆ ತಿರುಗಿದ. "ಸಾರ್, ಕೊಳದ ಆಳ ಎಷ್ಟು?"

"ಹನ್ನೆರಡು ಅಡಿ," ಅಂದರು ಹೆಡ್ ಕ್ಲರ್ಕು.

ಕೋಣೆಯಲ್ಲಿ ನಗು ಉಕ್ಕಿತು. ಗುಳುಂ ಬೆವರಿದ. ಅಡಿಯನ್ನು ಮೀಟರು ಮಾಡಿ ಕೊಳವನ್ನು ಸಮುದ್ರ ಮಾಡಿದ್ದ. ಅಷ್ಟು ಆಳಕ್ಕೆ ಓಲಾಡಿಕೊಂಡು ಹೋದದ್ದರಿಂದಲೇ ಮುದ್ರೆ ಅಷ್ಟು ದೂರ ಜಾರಿತ್ತು. ಆಳ ತಿದ್ದಿ, ಡಬ್ಬಿಗಳನ್ನು ದಪ್ಪ ಮಾಡಿ, ಲೆಕ್ಕವನ್ನು ಮತ್ತೆ ಓಡಿಸಿದ. ಹತ್ತು ನಿಮಿಷ ಯಾರೂ ಅಲುಗಲಿಲ್ಲ. ಪರದೆಯ ಮೇಲೆ ಮುದ್ರೆ ಬಿತ್ತು, ಮುಳುಗಿತು, ಗೋಡೆಯ ಬುಡದಲ್ಲಿ ಕೂತಿತು.

"ಮುಗೀತು!" ಬಿರುಗಾಳಿ ತೊಡೆ ತಟ್ಟಿದ. "ಲೆಕ್ಕ ತಪ್ಪು, ಉತ್ತರ ಸರಿ! ಕುರುಡ ಎಸೆದ ಕಲ್ಲಿಗೆ ಹಣ್ಣು ಬಿದ್ದ ಹಾಗೆ. ಹನ್ನೊಂದು ವರ್ಷದ ವಿದ್ಯೆ ಇದೇ ನೋಡಿ!"

ಇಲ್ಲಿಗೆ ಗುಳುಂ ಬಾಯಿ ಮುಚ್ಚಿಕೊಂಡು ಕೂತಿದ್ದರೆ, ನಾಲ್ಕು ದಿನ ನಕ್ಕು ಮರೆಯುತ್ತಿದ್ದರು. ಮುದ್ರೆ ಸಿಕ್ಕಿತ್ತು, ಗಂಟೆ ಇನ್ನೂ ಐದಾಗಿರಲಿಲ್ಲ, ಆದೇಶ ಮೇಜಿನ ಮೇಲಿತ್ತು. ಆದರೆ ಮನುಷ್ಯನಿಗೆ ನೌಕರಿಗಿಂತ ದೊಡ್ಡದು ಒಂದಿರುತ್ತದೆ, ತಾನು ಸರಿ ಎನ್ನುವುದು. ಅದು ಹೊಟ್ಟೆಗೆ ಹಾಕುವುದಿಲ್ಲ, ಹೊಟ್ಟೆಯ ಮೇಲೆ ಹೊಡೆಯುತ್ತದೆ ಅಷ್ಟೆ.

"ತಡೀರಿ!" ಅಂದ ಗುಳುಂ. ಅವನ ಕಣ್ಣು ಹೊಳೆಯುತ್ತಿತ್ತು. "ಲೆಕ್ಕ ತಪ್ಪಲ್ಲ! ಕೈಬಿಟ್ಟ ಮುದ್ರೆ ಗೋಡೆ ಬುಡಕ್ಕೇ ಬೀಳಬೇಕು. ಗೋಪ್ಯ ಮುದ್ರೆ ಬಿದ್ದಿದ್ದೂ ಅಲ್ಲೇ. ಅಂದ ಮೇಲೆ ಈಗಿನ ಲೆಕ್ಕ ಅಪ್ಪಟ ಸರಿ. ಮೊದಲನೇದು ದೂರ ಹೋಗಿದೆ ಅಂದ್ರೆ ಏನರ್ಥ? ಅದು ತಾನಾಗಿ ಬಿದ್ದಿಲ್ಲ! ಅದಕ್ಕೊಂದು ವೇಗ ಇತ್ತು!"

ಕೀಲಿಮಣೆಯ ಮೇಲೆ ಬೆರಳು ಕುಣಿಸಿದ. ಸೆಕೆಂಡಿಗೆ ಒಂದು ಮೀಟರ್ ವೇಗ ಕೊಟ್ಟ. ಮುದ್ರೆ ಸ್ವಲ್ಪ ಮುಂದೆ ಬಿತ್ತು. ಎರಡು ಮೀಟರ್ ಕೊಟ್ಟ. ಮುದ್ರೆ ಪರದೆಯ ಮೇಲೆ ಚಂಗನೆ ಹಾರಿ, ನೀರಿಗೆ ಬಿದ್ದು, ಎರಡೂವರೆ ಮೀಟರಿನ ಗುರುತಿನ ಮೇಲೆ ಅಳೆದಿಟ್ಟ ಹಾಗೆ ಕೂತಿತು.

"ನೋಡಿ!" ಎಂದು ಕುರ್ಚಿಯಿಂದ ಎದ್ದು ನಿಂತ. "ಸೆಕೆಂಡಿಗೆ ಎರಡು ಮೀಟರ್!"

"ಗಾಳಿ ಸಾರ್, ನಾನು ಹೇಳಲಿಲ್ವಾ?" ಅಂದರು ಹೆಡ್ ಕ್ಲರ್ಕು ಅವಸರವಸರವಾಗಿ.

"ಗಾಳಿ ವಿಷಯ ನನಗೆ ಬಿಡಿ," ಅಂದ ಬಿರುಗಾಳಿ. ತನ್ನ ವಿದ್ಯೆಗೆ ಇನ್ನೊಬ್ಬರು ಕೈ ಹಾಕಿದರೆ ಅವನಿಗೆ ಆಗುತ್ತಿರಲಿಲ್ಲ. "ಎಂಟುನೂರ ನಲವತ್ತು ಗ್ರಾಂ ಹಿತ್ತಾಳೆಯನ್ನ ಈ ವೇಗದಲ್ಲಿ ಎತ್ತಿ ಒಗೆಯೋ ಗಾಳಿ ಬೀಸಿದ್ರೆ ಕಿಟಕಿ ಬಾಗಿಲು ಕಿತ್ತುಕೊಂಡು ಹೋಗ್ತಿತ್ತು. ಬೆಳಿಗ್ಗೆ ಕಡ್ಡಿ ಪೊಟ್ಟಣ ಅಲುಗೋ ಗಾಳೀನೂ ಇರಲಿಲ್ಲ. ಯಾರೋ ಹೊಡೆದಿದ್ದಾರೆ."

"ಹಾಂ! ಹೊಡೆದಿದ್ದಾರೆ!" ಎಂದು ಗುಳುಂ ಕುಣಿದ.

ಇಬ್ಬರು ವಿಜ್ಞಾನಿಗಳು ಒಂದು ಮಾತಿಗೆ ಒಪ್ಪಿದ್ದೂ ಅಲ್ಲಿ ಅದೇ ಮೊದಲು. ಹೆಡ್ ಕ್ಲರ್ಕಿನ ಮುಖ ಸುಣ್ಣದ ಗೋಡೆಯಾಯಿತು. ಕುಂಬಳಕಾಯಿ ಕಳ್ಳನ ಹಾಗೆ ಕೈ ತಾನಾಗಿ ಜೇಬಿನ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡಿತು. ಯಾರಾದರೂ ಆ ಕ್ಷಣದಲ್ಲಿ ಅವರ ಕಡೆ ನೋಡಿದ್ದರೆ ಸಾಕಿತ್ತು. ಯಾರೂ ನೋಡಲಿಲ್ಲ. ಎಲ್ಲರೂ ಪರದೆಯನ್ನು ನೋಡುತ್ತಿದ್ದರು.

"ಯಾರ್ರೀ ಹೊಡೆದದ್ದು?" ಅಂದರು ಡೈರೆಕ್ಟರು.

ಮೂವತ್ತೆರಡು ವರ್ಷ ಕಡತಗಳ ನಡುವೆ ಬದುಕಿದ ಹೆಡ್ ಕ್ಲರ್ಕಿಗೆ ಉಸಿರು ಬಂದದ್ದೇ ತಡ, ಬುದ್ಧಿಯೂ ಬಂತು.

"ಸಾರ್, ನಾನೊಂದು ಕೇಳ್ತೀನಿ. ಬೆಳಿಗ್ಗೆ ಒಂಬತ್ತೂವರೆಗೆ ನನ್ನ ಕೋಣೆಗೆ ಬಂದಿದ್ದವರು ಯಾರು? ಮುದ್ರೆ ಕಿಟಕಿ ಮೇಲಿದೆ ಅಂತ ಕಣ್ಣಾರೆ ಕಂಡವರು ಯಾರು? ಮುದ್ರೆ ಬಿತ್ತು ಅಂದ ಕೂಡಲೆ ಎಲ್ಲರಿಗಿಂತ ಮೊದಲು ಓಡಿಬಂದವರು ಯಾರು? ನಾನೇ ಹುಡುಕಿ ಕೊಡ್ತೀನಿ ಅಂತ ಎದೆ ಬಡ್ಕೊಂಡವರು ಯಾರು?"

"ಅಯ್ಯೋ, ನಾನು ಬಂದದ್ದು ಆದೇಶಕ್ಕೆ ಸಾರ್!" ಅಂದ ಗುಳುಂ.

"ಇರ್ರೀ," ಎಂದು ಡೈರೆಕ್ಟರು ಕೈ ಎತ್ತಿದರು. ಅವರ ಮುಖದಲ್ಲಿ ನಿಧಾನವಾಗಿ ಒಂದು ಬೆಳಕು ಮೂಡುತ್ತಿತ್ತು. ಬಹಳ ವರ್ಷಗಳ ನಂತರ ಅವರು ಯೋಚನೆ ಮಾಡುತ್ತಿದ್ದರು. "ಹೊಡೆದ ವೇಗ ಸೆಕೆಂಡಿಗೆ ಎರಡು ಮೀಟರ್ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಲೆಕ್ಕ ಹಾಕಿ ಸಾರ್!"

"ಲೆಕ್ಕ ಹಾಕೋಕೆ ಮುಂಚೆಯೇ ಎರಡೂವರೆ ಮೀಟರ್ ಅಂತ ಸರಿಯಾಗಿ ಹೇಳಿದ್ರಿ. ಆಗ ಲೆಕ್ಕ ತಪ್ಪಿತ್ತು ಅಂತ ಈಗ ತಾನೇ ಸಾಬೀತಾಗಿದೆ. ತಪ್ಪು ಲೆಕ್ಕದಿಂದ ಸರಿ ಜಾಗ ಯಾರಿಗೂ ಸಿಗಲ್ಲ. ಜಾಗ ಮೊದಲೇ ಗೊತ್ತಿದ್ದವರಿಗೆ ಮಾತ್ರ ಸಿಗುತ್ತೆ. ಇನ್ನು ಈ ವೇಗ! ಇಷ್ಟೇ ವೇಗದಲ್ಲಿ ಹೊಡೆದರು ಅಂತ ಹೊಡೆದವನಿಗಲ್ಲದೆ ಇನ್ಯಾರಿಗ್ರೀ ಗೊತ್ತಿರುತ್ತೆ?"

"ಹೌದಲ್ಲ!" ಅಂದಿತು ಇಡೀ ಕೋಣೆ. ಕಪ್ಪೆ ಎಣಿಸಿದ ಗ್ರಂಥಾಲಯದವರು ಎಲ್ಲರಿಗಿಂತ ಜೋರಾಗಿ ಅಂದರು.

ಗುಳುಂ ಇಕ್ಕಟ್ಟಿಗೆ ಸಿಕ್ಕಿದ. ಈಗ ಲೆಕ್ಕ ತಪ್ಪು ಅಂದರೆ ಹನ್ನೊಂದು ವರ್ಷ ನೀರಿಗೆ. ಸರಿ ಅಂದರೆ ತಾನೇ ನೀರಿಗೆ. ಕೋಲು ಕೊಟ್ಟು ಹೊಡೆಸಿಕೊಂಡರು ಅನ್ನುತ್ತಾರಲ್ಲ, ಅವನು ಕೋಲಿನ ವೇಗವನ್ನೂ ಬರೆದು ಕೊಟ್ಟಿದ್ದ.

"ಕೊನೇ ಸಲ ಕೇಳ್ತೀನಿ," ಅಂದರು ಡೈರೆಕ್ಟರು. "ನಿಮ್ಮ ಈ ಲೆಕ್ಕ ಸರಿಯೋ ತಪ್ಪೋ?"

ಗುಳುಂ ಪರದೆಯನ್ನು ನೋಡಿದ. ಅಲ್ಲಿ ಮುದ್ರೆ ಅಷ್ಟು ಚೆಂದವಾಗಿ ಹಾರಿ, ಅಷ್ಟು ಚೆಂದವಾಗಿ ನೀರು ಚಿಮ್ಮಿಸಿ, ಇರಬೇಕಾದ ಕಡೆಯೇ ಕೂತಿತ್ತು.

"ಸರಿ ಸಾರ್," ಅಂದ.

ಐದಕ್ಕೆ ಐದು ನಿಮಿಷ ಇರುವಾಗ ಡೈರೆಕ್ಟರ ಕೋಣೆಯಲ್ಲಿ ಹಳೆಯ ಆದೇಶದ ಬದಲು ಎರಡು ಹೊಸ ಕಾಗದ ಟೈಪಾದವು. ಮೊದಲನೆಯದರ ಪ್ರಕಾರ, ಕಳೆದ ವಸ್ತುವನ್ನಲ್ಲದೆ ಕಳೆದವನನ್ನೂ ಹಿಡಿದುಕೊಡಬಲ್ಲ ಇಂಥ ಅಮೂಲ್ಯ ವಿದ್ಯೆ ಸಂಸ್ಥೆಗೆ ಅತ್ಯಗತ್ಯವಾದ್ದರಿಂದ, ಗುಳುಂ ಇದ್ದ ಹುದ್ದೆಯನ್ನು ಈ ಕೂಡಲೇ ಖಾಯಂ ಮಾಡಲಾಗಿದೆ. ಎರಡನೆಯದರ ಪ್ರಕಾರ, ಸಂಸ್ಥೆಯ ಆಸ್ತಿಯನ್ನು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಜಲಸಮಾಧಿ ಮಾಡಿದ ಆರೋಪದ ಮೇಲೆ ಗುಳುಂನನ್ನು ಅಮಾನತು ಮಾಡಲಾಗಿದೆ. ಖಾಲಿಯಾದ ಖಾಯಂ ಹುದ್ದೆಗೆ, ಅಪರಾಧ ಪತ್ತೆಯಲ್ಲಿ ನೆರವಾದ ಗಾಳಿ ವಿಭಾಗದವರನ್ನು ನೇಮಿಸಲಾಗಿದೆ. ಹೆಡ್ ಕ್ಲರ್ಕು ಎರಡಕ್ಕೂ ಮುದ್ರೆ ಒತ್ತಿ, ಊದಿ ಆರಿಸಿ, ಟಪಾಲಿಗೆ ಹಾಕಿದರು.

ಗುಳುಂ ತನ್ನ ಕೊಡೆ, ಊಟದ ಡಬ್ಬಿ ಎತ್ತಿಕೊಳ್ಳಲು ಕೋಣೆಗೆ ಹೋದ. ಬಿರುಗಾಳಿ ಆಗಲೇ ಕುರ್ಚಿಯಲ್ಲಿ ಕೂತಿದ್ದ. ಕುರ್ಚಿ ಎತ್ತರ ಸರಿಮಾಡಿಕೊಂಡು, ಪರದೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ನೋಡಿ, ಹೊರಟವನನ್ನು ಕರೆದ.

"ಬೇಜಾರು ಮಾಡ್ಕೋಬೇಡಪ್ಪ. ಹೋಗೋ ಮುಂಚೆ ಒಂದು ಹೇಳಿ ಹೋಗು. ಇದನ್ನ ಶುರು ಮಾಡೋದು ಹೇಗೆ?"

ಗುಳುಂ ಬಾಗಿಲಲ್ಲಿ ಒಂದು ಗಳಿಗೆ ನಿಂತ. ಆಮೇಲೆ ಕೊಡೆಯನ್ನು ಗೋಡೆಗೆ ಒರಗಿಸಿ, ಹತ್ತಿರ ಬಂದು, ಬಗ್ಗಿ, ತಾಳ್ಮೆಯಿಂದ ತೋರಿಸಿಕೊಟ್ಟ.